ಮೃಣಾಲಿನಿ ಬಿಟ್ಟ ಸೀಟು

ಕುಷಾಯಿಗೂಡದ ವೈಜನಾಥರಾಯರ ಮನಿಯೊಳಗ ಒಂದು ಪದ್ಧತಿ. ಹೊಸ್ತಿಲ ಒಳಗ ಕನ್ನಡ, ಹೊರಗ ತೆಲುಗು. ರಾಯರು ಮೂಲ ಬೀದರ ಕಡಿಯವರು, ಎಲೆಕ್ಟ್ರಾನಿಕ್ಸ್ ಕಾರಖಾನಿಯೊಳಗ ನೌಕರಿ ಮಾಡಿ ರಿಟೈರ್ ಆದವರು. ಮಗಳು ಮೃಣಾಲಿನಿಗೆ ಹುಟ್ಟಿದಾಗಿನಿಂದ ಇದೇ ರೂಢಿ. ಹಿಂಗಾಗಿ ಹೊರಗ ಯಾರರೆ ಕನ್ನಡ ಮಾತಾಡಿದ್ರ ಸಾಕು, ಅವರು ಮನಿ ಮಂದಿನೇ ಅಂತ ನಂಬಿಬಿಡ್ತಿದ್ಲು. ಹುಚ್ಚಖೋಡಿ!

ಹಂಗ ನಂಬಿದ್ದು ಕೂಕಟ್‌ಪಲ್ಲಿಯ ಭಕ್ತಿ ಅನ್ನೋ ಗೆಳತಿನ್ನ. ಡಿಗ್ರಿ ಮುಗಿಯೋ ತನಕ ಇಬ್ಬರದೂ ಒಂದೇ ಬೆಂಚು, ಒಂದೇ ಡಬ್ಬಿ. ಮೆಟ್ರೋದಾಗ ನಿಂತು ಎದುರಿನವರ ಮೀಸಿ, ಸೀರಿ, ಗೊರಕಿ ಎಲ್ಲಾದರ ಮ್ಯಾಲೂ ಕನ್ನಡದಾಗ ಟೀಕಾ ಮಾಡಿ ಬಿದ್ದು ಬಿದ್ದು ನಗೋರು. "ಈ ಊರಾಗ ಯಾರಿಗೆ ತಿಳೀತೈತಿ ತಗೋ," ಅಂತ ಭಕ್ತಿಗೆ ಭಾಳ ಧೈರ್ಯ.

ಮುಂದ ಮೃಣಾಲಿನಿಗೆ ಯೂನಿವರ್ಸಿಟಿಯೊಳಗ ಎಂ.ಎಸ್ಸಿ. ಕೆಮಿಸ್ಟ್ರಿ ಸೀಟು ಸಿಕ್ತು. ರಾಯರ ಖುಷಿ ಏನ್ ಕೇಳ್ತೀರಿ! ಮಗಳು ಆಗಲೇ ಪಟಾನ್‌ಚೆರುವಿನ ಔಷಧ ಕಂಪನಿಯೊಳಗ ಬಿಳಿ ಕೋಟು ಹಾಕ್ಕೊಂಡು ನಿಂತಾಳ ಅನ್ನೋಹಂಗ ಓಣಿ ತುಂಬ ಹೇಳ್ಕೊಂಡು ಬಂದ್ರು. ಆದ್ರ ಹುಡುಗಿ ಜೀವ ಬ್ಯಾರೆ ಕಡಿ ಇತ್ತು. ಭಾಷಾಶಾಸ್ತ್ರ ಓದಬೇಕು, ನಮ್ಮ ಮನಿ ಕನ್ನಡ ಯಾಕ ಹಿಂಗ, ಅದರಾಗ ಉರ್ದು ಎಷ್ಟು, ತೆಲುಗು ಎಷ್ಟು, ಎಲ್ಲಾ ತಿಳ್ಕೋಬೇಕು ಅಂತ ಆಸೆ. ಕಳ್ಳತನದಾಗ ಅದಕ್ಕೂ ಅರ್ಜಿ ಹಾಕಿದ್ಲು, ಅಲ್ಲೂ ಹೆಸರು ಬಂದಿತ್ತು. ಇದನ್ನ ಆಕಿ ಹೇಳಿದ್ದು ಭಕ್ತಿ ಒಬ್ಬಾಕಿ ಮುಂದ.

"ನೀ ಅದಕ್ಕಂತನ ಹುಟ್ಟೀದಿ ನೋಡು," ಅಂದ್ಲು ಭಕ್ತಿ. "ಕೆಮಿಸ್ಟ್ರಿ ಬಿಟ್ಟಬಿಡು. ನಾನೂ ಭಾಷಾಶಾಸ್ತ್ರಕ್ಕ ಬರ್ತೀನಿ, ಕೂಡೇ ಓದೋಣು. ನಾ ಇದ್ದೀನಲ್ಲ, ಯಾಕ ಅಂಜ್ತೀ?"

ಒಬ್ಬಾಕಿ ಆಗಿದ್ರ ಮೃಣಾಲಿನಿಗೆ ಅಪ್ಪನ ಎದುರು ಬಾಯೇ ಬರ್ತಿದ್ದಿಲ್ಲ. ಇಬ್ಬರು ಅಂದಾಗ ಬಂತು. ರಾಯರು ಕೂಗಾಡ್ಲಿಲ್ಲ, ಮಗಳ ಕೂಡ ಮಾತೇ ಬಿಟ್ರು. ಊಟಕ್ಕ ಕೂತಾಗ "ಉಪ್ಪಿನಕಾಯಿ ಈ ಕಡಿ ಸರಸು ಅಂತ ಆಕಿಗೆ ಹೇಳು," ಅಂತ ಹೆಂಡತಿ ಕಡಿಂದ ಹೇಳಿಸೋರು. ತಾಯಿ ಶಾಮಲಾಬಾಯಿಗೆ, ಗೆಳತಿ ಕೂಡ ಇರ್ತಾಳ ಅನ್ನೋದೊಂದೇ ಸಮಾಧಾನ. ಸೀಟು ಬಿಡೋ ದಿನ ಮುಂಜಾನೆ ಇಬ್ಬರನ್ನೂ ಮಣಿ ಮ್ಯಾಲ ಕೂಡಿಸಿ, ಕುಂಕುಮ ಹಚ್ಚಿ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲಾ ಹಾಕಿ ಉಡಿ ತುಂಬಿದ್ರು.

"ನೀನೂ ನನ್ನ ಮಗಳೇ, ಭಕ್ತಿ. ಇಕಿ ಕೈ ಬಿಡಬ್ಯಾಡವಾ."

"ಬಿಡಂಗಿಲ್ರಿ ಮಾವಶಿ," ಅಂದು ಭಕ್ತಿ ಕಾಲಿಗೆ ಬಿದ್ದು ಎದ್ಲು.

ಅವತ್ತೇ ಮೃಣಾಲಿನಿ ಯೂನಿವರ್ಸಿಟಿ ಆಫೀಸಿನೊಳಗ ಹೋಗಿ ಕೆಮಿಸ್ಟ್ರಿ ಸೀಟು ರದ್ದು ಮಾಡಿಸಿ ಬಂದ್ಲು. ಹೊರಗ ಬೇವಿನಗಿಡದ ಕೆಳಗ ಕಾಯಾಕತ್ತಿದ್ದ ಭಕ್ತಿ ಓಡಿ ಬಂದು ತೆಕ್ಕಿ ಬಡದ್ಲು.

ವಾರ ಆಗೋದ್ರಾಗ ಭಕ್ತಿದು ಅಳಕೋತ ಫೋನು. ಮನಿಯವರು ಭಾಷಾಶಾಸ್ತ್ರ ಬ್ಯಾಡ ಅಂದ್ರಂತ, ಅಷ್ಟರಾಗ ಕೆಮಿಸ್ಟ್ರಿಯೊಳಗ ಖಾಲಿ ಆದ ಸೀಟು ವೇಟಿಂಗ್ ಲಿಸ್ಟಿನಾಗ ಮೊದಲಿದ್ದ ತನಗೇ ಬಂತಂತ, ಅಪ್ಪ ಅದಕ್ಕೇ ಹೋಗು ಅಂತ ಹಟಾ ಹಿಡದಾರಂತ. ನಮ್ಮ ಮೃಣಾಲಿನಿ ಏನ್ ಮಾಡಿದ್ಲು ಹೇಳ್ರಿ? ಸಮಾಧಾನ ಮಾಡಿದ್ಲು! "ನನ್ನ ಸೀಟು ಯಾರದೋ ಪಾಲಾಗೋದಕಿಂತ ನಿನಗ ಬಂದದ್ದು ಚಲೋನ ಆತು ಬಿಡು," ಅಂದು, ತನ್ನ ಕೆಮಿಸ್ಟ್ರಿ ಪುಸ್ತಕ ಎಲ್ಲಾ ಚೀಲಕ್ಕ ತುಂಬಿ ಕೂಕಟ್‌ಪಲ್ಲಿ ತನಕ ಹೊತ್ತು ಕೊಟ್ಟು ಬಂದ್ಲು. ನೆನಸಿಕೊಂಡ್ರ ಈಗೂ ನನಗ ಮೈ ಉರೀತೈತಿ.

ಹೊಸ ವಿಷಯ ಮಾತ್ರ ಆಕಿಗೆ ಭಾಳ ಹಿಡಿಸ್ತು. ಕ್ಲಾಸಿನಾಗ ಮೈಯೆಲ್ಲಾ ಕಿವಿ ಆಗಿ ಕೂಡ್ತಿದ್ಲು. ದೀಪಾವಳಿ ಮುಂದ ಸರ್ ಒಂದು ಕೆಲಸ ಹಚ್ಚಿದ್ರು. ಯಾರದರೆ ಮಾತು ರೆಕಾರ್ಡ್ ಮಾಡಿಕೊಂಡು, ಅವರು ಆಡಿದಂಗ ಬರಕೊಂಡು ಬರ್ಬೇಕು. ಯೂನಿವರ್ಸಿಟಿಯೊಳಗ ಹೊಸ ಕಟ್ಟಡ ಏಳಾಕತ್ತಿತ್ತು, ಅಲ್ಲಿ ಉಸುಕು ಹೊರೋ ಸಾಬಮ್ಮ ಯಾದಗಿರಿ ಕಡಿಯಾಕಿ. ಮೃಣಾಲಿನಿ ಆಕಿಗೆ ಚಹಾ ಕೊಡಿಸಿ, ಆಫೀಸಿನ ಮುಂದಿನ ಅದೇ ಬೇವಿನಗಿಡದ ನೆರಳಿಗೆ ಕೂತು, ಫೋನ್ ಚಾಲೂ ಮಾಡಿ, "ಅಕ್ಕಾ, ಏನರೆ ಒಂದು ಕತಿ ಹೇಳ್ರಿ," ಅಂದ್ಲು.

"ಕತಿ ಯಾಕ ಬೇಕ್ ಯವ್ವಾ, ಕಣ್ಣಿಲೆ ಕಂಡದ್ದೇ ಹೇಳ್ತೀನಿ ಕೇಳು," ಅಂದ್ಲು ಸಾಬಮ್ಮ. "ಮಳಿಗಾಲದಾಗ ಇದೇ ಗಿಡದ ಬುಡಕ ಒಬ್ಬಾಕಿ ಹುಡುಗಿ ನಿಂತು ಫೋನಿನಾಗ ನಮ್ಮ ಮಾತು ಆಡಾಕತ್ತಿದ್ಲು. ನಾ ಬಾಜೂಕ ಬುಟ್ಟಿ ತುಂಬಾಕತ್ತಿದ್ದೆ. ನಮ್ಮ ಕಡಿ ಹುಡುಗಿ, ಮಾತಾಡ್ಸಬೇಕು ಅನ್ಕೊಂಡೆ. ಆಕಿ ಮಾತು ಕೇಳಿ ಬುಟ್ಟಿ ತುಂಬೋದೇ ಬಿಟ್ಟೆ. 'ಅವ್ವಾ, ಆಕಿ ಸೀಟು ಬಿಡಾಕ ಒಳಗ ಹೋಗ್ಯಾಳ. ಬಿಟ್ಟಕೂಡ್ಲೇ ಅದು ನನಗ ಬರ್ತೈತಿ, ಮೊದಲ ವಿಚಾರಿಸೀನಿ. ನಾನೂ ನಿನ್ನ ಕೂಡ ಬರ್ತೀನಿ ಅಂದಿದ್ದಕ್ಕ ಬಿಡಾಕ ಒಪ್ಪಿದ್ಲು, ಇಲ್ಲಂದ್ರ ಎಲ್ಲಿ ಬಿಡ್ತಿದ್ಲು! ಅವರವ್ವ ಮುಂಜಾನೆ ನನಗ ಉಡಿ ಬ್ಯಾರೆ ತುಂಬ್ಯಾಳ,' ಅಂತ ಹೇಳಿ ನಗತಾಳ ಯವ್ವಾ! ಉಡಿ ತುಂಬಿಸ್ಕೊಂಡು ಯಾರರೆ ಹಿಂಗ ಮಾಡ್ತಾರೇನು? ಒಳಗ ಹೋಗಿದ್ದ ಹುಡುಗಿ ಯಾರೋ ಏನೋ, ಪಾಪ. ಅದಕ್ಕ ಇನ್ನೂ ಗೊತ್ತೈತೋ ಇಲ್ಲೋ."

"ಈಗ ಗೊತ್ತಾತ್ರಿ ಅಕ್ಕಾ," ಅಂದ್ಲು ಮೃಣಾಲಿನಿ.

ಸಾಬಮ್ಮ ಆಕಿ ಮಾರಿ ನೋಡಿದ್ಲು. ಆಮ್ಯಾಲ ಬಾಯಿಗೆ ಸೆರಗು ಹಚ್ಚಿಕೊಂಡು, "ಅಯ್ಯ ನನ ಶಿವನ," ಅಂದ್ಲು.

ಸೀಟು ಹೋದದ್ದಕ್ಕ ಮೃಣಾಲಿನಿಗೆ ದುಃಖ ಇದ್ದಿಲ್ಲ, ಅದನ್ನ ಆಕಿನೇ ಬಿಟ್ಟಿದ್ಲು. ಯಾರ ಮುಂದೂ ಆಡದ ಆಸೆ ಒಬ್ಬಾಕಿ ಮುಂದ ಆಡಿದ್ದು, ಅದನ್ನೇ ಹಿಡ್ಕೊಂಡು ಕುತ್ತಿಗಿ ಕೊಯ್ದಳಲ್ಲ ಅಂತ ಬಸ್ಸಿನಾಗ ಮಂದಿ ಮುಂದ ಗಳಗಳ ಅತ್ತಳು. ಮನಿಗೆ ಬಂದ್ರ ಅವ್ವ ಅಡಗಿಮನಿಯಿಂದನ, "ಹಬ್ಬಕ್ಕ ಭಕ್ತಿನ್ನ ಕರಿಯೇ, ಆಕಿಗೆ ಕರ್ಚಿಕಾಯಿ ಅಂದ್ರ ಜೀವ," ಅಂದ್ರು. ಮೃಣಾಲಿನಿ ಹೂಂ ಅಂದ್ಲು. ಕೋಣೆಯೊಳಗ ಕೂತು ಸಾಬಮ್ಮನ ಮಾತು ಬರಿಯಾಕ ಹತ್ತಿದ್ಲು. ಆಡಿದಂಗನ ಬರಿಬೇಕಲ್ಲ, 'ಉಡಿ ಬ್ಯಾರೆ ತುಂಬ್ಯಾಳ' ಅನ್ನೋದನ್ನ ಮತ್ತ ಮತ್ತ ತಿರುಗಿಸಿ ಕೇಳಬೇಕಾತು.

ಮರುದಿನ ಯೂನಿವರ್ಸಿಟಿಯೊಳಗ ಭಕ್ತಿ ಡಬ್ಬಿ ಹಿಡ್ಕೊಂಡು ಬಂದ್ಲು. "ಏ ಮೃಣಾ, ಫೋನ್ ಯಾಕ ಎತ್ತವಲ್ಲೇ? ಬಾ, ನಿನಗಂತ ಹಚ್ಚಿದ ಅವಲಕ್ಕಿ ತಂದೀನಿ."

ರಾತ್ರಿಯಿಂದ ಮೃಣಾಲಿನಿ ಬೈಗಳ ಜೋಡಿಸಿ ಇಟ್ಕೊಂಡಿದ್ಲು, ಖಾರ ಖಾರ, ಎಲ್ಲಾ ಕನ್ನಡದಾವು. ಬಾಯಿ ತನಕ ಬಂದು ನಿಂತ್ವು. ಈಕಿನ್ನ ಕನ್ನಡದಾಗ ಬೈದ್ರೂ ಮನಿಯಾಕಿ ಅಂತ ಒಪ್ಪಿಕೊಂಡಂಗ ಆಗ್ತೈತಿ ಅನಿಸ್ತು.

"ವದ್ದಂಡಿ. ನಾಕು ಕ್ಲಾಸ್ ಉಂದಿ," ಅಂದ್ಲು. ಬ್ಯಾಡ್ರಿ, ನಂಗ ಕ್ಲಾಸ್ ಐತಿ ಅಂತ. ತೆಲುಗಿನಾಗ, ಬಸ್ಸಿನಾಗ ಬಾಜೂಕ ಕೂತವರಿಗೆ ಹೇಳಿದಂಗ.

ಭಕ್ತಿ ನಕ್ಕಳು. "ಏನ ಇದು ನಾಟಕ? ಕನ್ನಡದಾಗ ಹೇಳು, ಇಲ್ಲಿ ಯಾರಿಗೆ ತಿಳೀತೈತಿ?"

ಮೃಣಾಲಿನಿ ಬೇವಿನಗಿಡದ ಕಡಿ ಕೈ ಮಾಡಿದ್ಲು. ಅಲ್ಲಿ ಸಾಬಮ್ಮ ಉಸುಕಿನ ಬುಟ್ಟಿ ಕೆಳಗಿಟ್ಟು, ಸೊಂಟದ ಮ್ಯಾಲ ಕೈ ಇಟ್ಕೊಂಡು ಇಬ್ಬರನ್ನೂ ನೋಡಾಕತ್ತಿದ್ಲು.

"ಆಮೆಕು ಕನ್ನಡ ವಚ್ಚಂಡಿ," ಅಂದ್ಲು ಮೃಣಾಲಿನಿ. ಆಕಿಗೆ ಕನ್ನಡ ಬರ್ತೈತ್ರಿ ಅಂತ.

ಭಕ್ತಿ ಗಿಡ ನೋಡಿದ್ಲು, ಉಸುಕು ನೋಡಿದ್ಲು, ಸಾಬಮ್ಮನ್ನ ನೋಡಿದ್ಲು. ಆಕಿ ಡಬ್ಬಿ ಹಿಡ್ಕೊಂಡು ನಿಂತಲ್ಲೇ ನಿಂತಿದ್ಲು, ಮೃಣಾಲಿನಿ ಕ್ಲಾಸಿಗೆ ಹೋದ್ಲು.