ಆಯಿ ಮುಚ್ಚಿಟ್ಟ ಜನಸಂಖ್ಯೆ

ನಮ್ಮ ಊರಿನ ಜನಸಂಖ್ಯೆ ಎಷ್ಟೆಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಭೂಗೋಳದಲ್ಲಿ ವರ್ಗಕ್ಕೆ ಮೊದಲಿಗ ನಾನೇ. ಅದು ಗಳಿಗೆಗೊಂದು ಥರ. ಚಹಾದಂಗಡಿಯಲ್ಲಿ ಜಗಳ ಹತ್ತಿದರೆ ಚೀನಾ ದೇಶವನ್ನು ಮೀರುತ್ತದೆ. ಕೆರೆಯ ಹೂಳು ತೆಗೆಯೋಣ ಬನ್ನಿ ಎಂದು ಡಂಗುರ ಹೊಡೆಸಿದರೆ ಡಂಗುರದವನೊಬ್ಬನೇ ಉಳಿಯುತ್ತಾನೆ. ಸಂತೆಯ ದಿನವಂತೂ ಊರನ್ನು ಎಮ್ಮೆಗಳೇ ಆಳುತ್ತವೆ.

ಇಂಥ ಊರನ್ನು ಎಣಿಸಲು ಎಪ್ಪತ್ತೊಂದರ ಜನಗಣತಿಗೆ ನಮ್ಮ ಮಾಸ್ತರರನ್ನೇ ನೇಮಿಸಿದರು. ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ನಮ್ಮಲ್ಲಿ ಸಾಲೆ ಏಳನೇ ಇಯತ್ತೆಗೆ ಮುಗಿಯುತ್ತಿತ್ತು. ಮಂದಿ ಹೆಚ್ಚು ಕಂಡರಷ್ಟೇ ಎಂಟನೆಯದು ಸಿಗುತ್ತದೆ, ಇಲ್ಲದಿದ್ದರೆ ಆಚೆ ಊರು ಮೊರಬದ ಸಾಲೆಗೆ ನಡೆಯಿರಿ ಎಂದು ಮಾಸ್ತರರು ಹೇಳಿದ್ದರು. ಮಳೆಗಾಲದ ಎರೆಮಣ್ಣು ನಿಮಗೆ ಗೊತ್ತಲ್ಲ? ಮೊರಬ ಮುಟ್ಟುವಷ್ಟರಲ್ಲಿ ಅರ್ಧ ಎಕರೆ ಕಾಲಿಗೆ ಅಂಟಿರುತ್ತದೆ. ದಿನಾ ಹೀಗೆ ಹೋದರೆ ನಾನು ಮೆಟ್ರಿಕ್ ಆಗುವ ಹೊತ್ತಿಗೆ ನಮ್ಮ ಹೊಲವೆಲ್ಲ ಮೊರಬದ ಪಾಲು.

ಆದರೆ ಊರಿನ ಮುದುಕಿಯರ ಕಾನೂನೇ ಬೇರೆ. ಮಕ್ಕಳನ್ನು ಎಣಿಸಬಾರದು, ಎಣಿಸಿದರೆ ದೃಷ್ಟಿ ತಾಗುತ್ತದೆ. ಮಾಸ್ತರರು ಓಣಿಗೆ ಬಂದದ್ದೇ ತಡ, ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನನ್ನನ್ನೂ ತಂಗಿಯನ್ನೂ ಜೋಳದ ಚೀಲಗಳ ಹಿಂದೆ ದಬ್ಬಿ ಬಾಗಿಲಲ್ಲಿ ಕೂತಳು.

“ಮನ್ಯಾಗ ಎಷ್ಟ ಮಂದಿ ಅದೀರಿ, ಯವ್ವಾ?” ಎಂದರು ಮಾಸ್ತರರು.

“ಮಗಾ, ಸೊಸಿ, ನಾ. ಹುಡುಗ್ರು ಇಲ್ಲ ಬಿಡ್ರಿ.”

“ಅಲ್ಲಬೇ, ನಿನ್ನೆ ಸಾಲ್ಯಾಗ ನಿನ್ನ ಮೊಮ್ಮಗನ ಬೆನ್ನಿಗೆ ಎರಡು ಬಿಟ್ಟೇನಿ ನಾ!”

“ಯಾರ ಮನಿ ಹುಡುಗನೋ ಏನೋ. ನೀವು ಮಂದಿ ಹುಡುಗ್ರನ್ನ ಬಡೀಬಾರ್ದು, ಮಾಸ್ತರ.”

ಭಾರತದ ಜನಸಂಖ್ಯೆಯಿಂದ ನಾನು ಹೋದೆ! ನನ್ನನ್ನು ಕಳೆದರೆ ಈ ದೇಶದಲ್ಲಿ ಉಳಿಯುವುದಾದರೂ ಏನು? ಆ ದುಃಖಕ್ಕೋ ಜೋಳದ ಧೂಳಿಗೋ, ಜೋರಾಗಿ ಸೀನಿದೆ.

“ಅದ್ಯಾರ?”

“ಬೆಕ್ಕು.”

“ಆಯೀ, ಈ ಬೆಕ್ಕಿಗೆ ಎಂಟನೇ ಇಯತ್ತೆ ಬೇಕಾಗೇತಿ!” ಎಂದು ಚೀಲದ ಹಿಂದಿನಿಂದಲೇ ಕೂಗಿದೆ.

ಆಯಿಯ ಮುಖ ಕಪ್ಪಿಟ್ಟಿತು. ಆಗ ನನ್ನ ಅಪಾರ ಬುದ್ಧಿ ಕೆಲಸ ಮಾಡಿತು. ನಮ್ಮ ಕಣದಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಯಾರೂ ‘ಒಂದು’ ಎನ್ನುವುದಿಲ್ಲ. ‘ಲಾಭ’ ಎನ್ನುತ್ತಾರೆ, ಆಮೇಲೆ ಎರಡು, ಮೂರು. ರಾಶಿಗೆ ದೃಷ್ಟಿಯೂ ಇಲ್ಲ, ಲೆಕ್ಕವೂ ತಪ್ಪುವುದಿಲ್ಲ.

“ಆಯೀ, ಜ್ವಾಳಾ ಅಳದಂಗ ನಮ್ಮನ್ನೂ ಅಳೀಲಿ. ಆತಿಲ್ಲೋ?”

ಆಯಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿದಳು. “ಎಣಸಬ್ಯಾಡ್ರಿ, ಮಾಸ್ತರ. ಅಳ್ಯೂದಿದ್ರ ಅಳೀರಿ.”

ಮಾಸ್ತರರು ಚೀಲದ ಹಿಂದಿನಿಂದ ಹೊರಬಂದ ನನ್ನ ತಲೆಯ ಮೇಲೆ ಕೈಯಿಟ್ಟು “ಲಾಭ!” ಎಂದರು. ತಂಗಿ ಎರಡಾದಳು. ಈ ಉಪಾಯ ಓಣಿಯಿಂದ ಓಣಿಗೆ ಹಬ್ಬಿ, ಚೀಲದ ಹಿಂದಿನಿಂದ, ಹಾಸಿಗೆಯ ಸುರುಳಿಯಿಂದ, ಬಣವೆಯ ಸಂದಿಯಿಂದ ಮಕ್ಕಳು ಹೊರಬಿದ್ದವು. ಒಂದು ಹೆರಿಗೆಯೂ ಇಲ್ಲದೆ ಊರೊಂದು ಒಂದೇ ದಿನ ಇಷ್ಟು ಬೆಳೆದದ್ದು ಯಾವ ಭೂಗೋಳದ ಪುಸ್ತಕದಲ್ಲಿಯೂ ಇಲ್ಲ.

ಎಂಟನೇ ಇಯತ್ತೆ ಬಂತು. ಗುಡಿಯ ಪೌಳಿಯಲ್ಲಿ ನಡೆಯುತ್ತದೆ. ಕಲಿಸುವವರೂ ಅದೇ ಮಾಸ್ತರರು. ಆಯಿಯ ಕಾನೂನು ಸುಳ್ಳಲ್ಲವೆಂದು ಈಗ ನನಗೆ ತಿಳಿದಿದೆ. ಮೊರಬದಲ್ಲಾದರೆ ಗುಂಪಿನಲ್ಲಿ ಹೇಗೋ ಅಡಗುತ್ತಿದ್ದೆ, ಇಲ್ಲಿ ಮಾಸ್ತರರ ದೃಷ್ಟಿ ತಾಗಿದ್ದು ನನ್ನೊಬ್ಬನಿಗೇ. ಪಾಠ ತಪ್ಪಿದರೆ ಅಂಗೈ ಚಾಚಿಸುತ್ತಾರೆ, ಛಡಿ ಎತ್ತುತ್ತಾರೆ, ಮೊದಲನೆಯ ಏಟಿಗೆ ರಾಗವಾಗಿ ಹೇಳುತ್ತಾರೆ: “ಲಾಭ!”