ಮೊದಲು ಸೆರಗು

ಸೋಲಾಪುರದಲ್ಲಿ ಮರಾಠಿ ಸಂಗೀತ ನಾಟಕವಿದ್ದ ದಿನ ಸೀರೆ ವ್ಯಾಪಾರಿ ಗುರುಶಾಂತಪ್ಪ ಬೇಗ ಅಂಗಡಿ ಮುಚ್ಚಿ ರಂಗಮಂದಿರದ ಬಾಗಿಲಲ್ಲಿ ನಿಲ್ಲುತ್ತಾರೆ. ರಾಗವಾಗಿ ಎಳೆದ ಹಳೇ ಮರಾಠಿ ತಲೆಗೆ ಹತ್ತದ ಅಕ್ಕಲಕೋಟ ಕಡೆಯ ಕನ್ನಡದ ಹೊಸಬರು ಸಿಕ್ಕರೆ ಅವರಿಗೆ ಗಿರಾಕಿ ಸಿಕ್ಕಷ್ಟೇ ಖುಷಿ. ಪಕ್ಕದಲ್ಲಿ ಕೂತು, ಪರದೆ ಏಳುವ ಮೊದಲೇ ಇಡೀ ಕತೆಯನ್ನು ಕನ್ನಡದಲ್ಲಿ ಬಿಚ್ಚಿಡುತ್ತಾರೆ, ಅದೂ ಕೊನೆಯಿಂದ. "ನಾಯಕಿ ಸಾಯ್ತಾಳ್ರಿ, ಈಗ ಆರಾಮ ಕೂಡ್ರಿ." ಒಮ್ಮೆ ಮೈಂದರ್ಗಿಯ ಗುಮಾಸ್ತನೊಬ್ಬ ಸಿಟ್ಟಾಗಿ, "ಇನ್ನ ನಾ ಯಾಕ ಕೂಡ್ಲಿ ಕಾಕಾ?" ಎಂದ. "ಸೀರಿ ಕೊಳ್ಳಾಗ ಮೊದಲ ಸೆರಗು ಬಿಚ್ಚಿಸಿ ನೋಡ್ತೀರಿಲ್ಲೋ? ಕೊನಿ ಗೊತ್ತಾದ್ರ ಮನಸು ಹಾಡಿನ ಮ್ಯಾಲೆ ನಿಲ್ತದ," ಎಂದರು ಗುರುಶಾಂತಪ್ಪ. ಅವರ ದಯೆಯಿಂದ ಈ ಊರಿನಲ್ಲಿ ಯಾವ ನಾಯಕಿಯೂ ಅಕಸ್ಮಾತ್ತಾಗಿ ಸತ್ತಿಲ್ಲ. ಮೊನ್ನೆ ಡಾಕ್ಟರು ಅವರೊಬ್ಬರನ್ನೇ ಒಳಗೆ ಕರೆದು, ಹೆಂಡತಿ ಶಾರದಾಬಾಯಿಯ ರೋಗ ವಾಸಿಯಾಗುವಂಥದ್ದಲ್ಲ ಎಂದರು. ಅವರು ಹೊರಬಂದಾಗ ಬೆಂಚಿನ ಮೇಲಿದ್ದ ಆಕೆ ಕೇಳಿದರು: "ಊರಿಗೆಲ್ಲಾ ಕೊನಿ ಮೊದಲ ಹೇಳ್ತೀರಿ. ನನಗೂ ಹೇಳಿಬಿಡ್ರಿ, ಉಳಿದದ್ದು ಆರಾಮ ಕೇಳ್ತೀನಿ." ಗುರುಶಾಂತಪ್ಪ ಜಾರಿದ್ದ ಆಕೆಯ ಸೆರಗನ್ನು ಹೆಗಲಿಗೇರಿಸುತ್ತ, "ಇದು ಹೊಸಾ ನಾಟಕ ಐತಿ, ನಾ ಇನ್ನೂ ನೋಡಿಲ್ಲ," ಎಂದರು. "ಹೋಗ್ಲಿ ಬಿಡ್ರಿ," ಎಂದರು ಶಾರದಾಬಾಯಿ. "ಕೊನಿ ಚಲೋ ಇದ್ದಿದ್ರ ಬಾಗಲದಾಗೇ ಹೇಳ್ತಿದ್ರಿ."