ಹೊಗೆ ಸತ್ತ ಕೆಂಡ

ನನ್ನ ತಮ್ಮ ಚಳಿ ಬಡಿದು ಸತ್ತನೆಂದು ನಮ್ಮ ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಅವನು ಚಳಿಯಿಂದ ಸಾಯಲಿಲ್ಲ. ಒಂದು ವರ್ಷದವರೆಗೆ ಮನೆಯವರಲ್ಲಿ ಇದನ್ನು ತಿಳಿದವಳು ನಾನೊಬ್ಬಳೇ. ಹೇಳಬೇಕಾದವಳಿಗೆ ಹೇಳದೆ ಇದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ನೆನಪಿದ್ದಷ್ಟನ್ನು, ನೆನಪಿದ್ದ ಕ್ರಮದಲ್ಲಿ.

ನಾನು ಸಿಂದಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ತಮ್ಮನ ಮನೆ, ಹೊಲ ಮೋರಟಗಿ ಕಡೆಗೆ. ತೊಗರಿ ಕೊಯ್ಲಿನ ಸಮಯದಲ್ಲಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಹೋಗಿ, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ತಿರುಗಿ ಬರುವುದು ನನ್ನ ರೂಢಿ. ಆ ವರ್ಷ ತೊಗರಿ ಕೊಯ್ದು ಹೊಲದ ನಡುವೆ ಬಣವೆ ಒಟ್ಟಿಯಾಗಿತ್ತು. ರಾಶಿ ಮಾಡುವ ಮಷೀನು ಬೇರೆಯವರ ಹೊಲದಲ್ಲಿ ಸಿಕ್ಕಿಕೊಂಡಿತ್ತು, ಸೋಮವಾರ ಬರುತ್ತದೆ ಎಂದಿದ್ದರು. ಬಣವೆ ಒಟ್ಟಿ ಪೂಜೆ ಮಾಡಿದ ಮೇಲೆ ಕಾಳು ಮನೆಗೆ ಬರುವ ತನಕ ಅದನ್ನು ಒಂಟಿಯಾಗಿ ಬಿಡಬಾರದು, ಮನೆಯವರೊಬ್ಬರು ಪಕ್ಕದಲ್ಲಿ ಮಲಗಬೇಕು. ಕಳ್ಳರಿಗೆ ಹೆದರಿಯಷ್ಟೇ ಅಲ್ಲ. ಅಪ್ಪ ಮಲಗುತ್ತಿದ್ದರು, ಅವರ ಅಪ್ಪ ಮಲಗುತ್ತಿದ್ದರು. ಮಷೀನು ಬಂದು ರಾಶಿಯ ಕೆಲಸ ಒಂದು ದಿನಕ್ಕೆ ಇಳಿದರೂ ಬಣವೆ ಕಾಯುವುದು ಮಾತ್ರ ಹಾಗೆಯೇ ಉಳಿದಿದೆ.

ಅದರ ಹಿಂದಿನ ಮಳೆಗಾಲದಲ್ಲಿ ತಮ್ಮನಿಗೆ ನಿಮೋನಿಯಾ ಆಗಿತ್ತು. ಹದಿಮೂರು ದಿನ ದವಾಖಾನೆಯಲ್ಲಿದ್ದ. ಬಿಡುಗಡೆಯ ದಿನ ಡಾಕ್ಟರು, ಎದೆಗೆ ಥಂಡಿ ಹತ್ತದ ಹಾಗೆ ನೋಡಿಕೊಳ್ಳಿ ಎಂದಿದ್ದರು. ಆ ಮಾತನ್ನು ನಾನು ಬಹಳ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆ ಶನಿವಾರ ಸಿಂದಗಿ ಬಜಾರಿನಲ್ಲಿ ಕಿವಿ ಮುಚ್ಚುವ ಉಣ್ಣೆ ಟೊಪ್ಪಿಗೆ, ಎರಡು ಜೊತೆ ಕಾಲುಚೀಲ, ಒಂದು ಥರ್ಮಾಸು, ಮತ್ತು ಒಂದು ಹೊಸ ತಾಡಪತ್ರಿ ಕೊಂಡೆ. ತಾಡಪತ್ರಿ ದಪ್ಪನೆಯ ಪ್ಲಾಸ್ಟಿಕ್ಕಿನದು, ನೀಲಿ ಬಣ್ಣದ್ದು. ಅಂಗಡಿಯವನಿಗೆ, ಗಾಳಿ ಒಂಚೂರೂ ಒಳಗೆ ಬರಬಾರದು, ಅಂಥಾದ್ದು ಕೊಡು ಎಂದು ಕೇಳಿದ್ದೆ.

ಹೊಲದಲ್ಲಿ ತಮ್ಮ ಆ ರಾತ್ರಿ ಮಲಗಲು ಅಷ್ಟರಲ್ಲೇ ನಾಲ್ಕು ಗಳ ನೆಟ್ಟು ಮೇಲೆ ಹಳೆಯ ತಾಡಪತ್ರಿ ಹೊದಿಸಿದ್ದ. ಅದರಲ್ಲಿ ತೂತುಗಳಿದ್ದವು. ನಾನು ಅದನ್ನು ತೆಗೆಸಿದೆ. ಹೊಸದನ್ನು ಮೂರು ಕಡೆ ನೆಲದವರೆಗೆ ಇಳಿಬಿಟ್ಟು ಹಗ್ಗದಿಂದ ಬಿಗಿದೆ. ಕೆಳಗೆ ಗಾಳಿ ನುಗ್ಗುತ್ತದೆಂದು ಅಂಚಿನ ಮೇಲೆ ಕಲ್ಲಿಟ್ಟೆ, ಕಲ್ಲುಗಳ ನಡುವೆ ಎರೆಮಣ್ಣು ಮೆತ್ತಿದೆ. ನೆಲದ ತಂಪು ಏರದಂತೆ ಒಳಗೆ ಜೋಳದ ಒಣದಂಟಿನ ಕಣಿಕೆ ಹಾಸಿ, ಮೇಲೆ ಕೌದಿ ಹಾಸಿದೆ.

ತಮ್ಮ ಬಣವೆಗೆ ಒರಗಿ ನೋಡುತ್ತಿದ್ದ. "ಯಕ್ಕಾ, ಇದು ಗುಡಿಸಲೋ ಗಂಟೋ? ನನ್ನ ಕಟ್ಟಿ ಸಂತಿಗೆ ಒಯ್ತಿ ಏನು?"

"ಸುಮ್ಮ ಕುಂದ್ರು. ದವಾಖಾನ್ಯಾಗ ಎಷ್ಟ ದಿನ ಬಿದ್ದಿದ್ದಿ, ನೆನಪೈತಿಲ್ಲ?"

"ಅಕ್ಕೋರ ಪಾಠ ಚಾಲೂ ಆತ್ ನೋಡು," ಎಂದು ಶಾಲೆಯ ಮಕ್ಕಳು ನನ್ನನ್ನು ಕರೆಯುವ ಹಾಗೆ ಕರೆದು, ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದ. "ಇನ್ನ ನಾವು ಕೈ ಕಟ್ಟಿ ಕುಂದ್ರಬೇಕು."

"ಅಕ್ಕಾರು ಹೇಳಿದ್ದ ಖರೇ ಐತಿ," ಎಂದಳು ಅವನ ಹೆಂಡತಿ. "ನಿಮಗ ಕೆಮ್ಮು ಬಂದ್ರ ರಾತ್ರಿಯೆಲ್ಲಾ ಎದ್ದಿರೂದು ನಾನು."

ಅವಳು ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾಳೆ. ನಾನು ಅವಳನ್ನು ತಂಗಿ ಎನ್ನುತ್ತೇನೆ. ಮದುವೆಯಾಗಿ ಬಂದ ದಿನದಿಂದ ಹಾಗೆಯೇ.

ಸಂಜೆ ಜಾಲಿ ಕಟ್ಟಿಗೆ ಸುಟ್ಟು ಕೆಂಡ ಮಾಡಿದೆವು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಚಿಕ್ಕಂದಿನಿಂದ ಗೊತ್ತಿರುವ ಕೆಲಸ. ಕಟ್ಟಿಗೆ ಹೊರಗೆ ಸುಡಬೇಕು. ಹೊಗೆ ಪೂರ್ತಿ ಸಾಯುವ ತನಕ ಕಾಯಬೇಕು. ಬರೀ ನಿಗಿನಿಗಿ ಕೆಂಡ ಉಳಿದ ಮೇಲೆ ಕಬ್ಬಿಣದ ಬುಟ್ಟಿಗೆ ತುಂಬಿ ಒಳಗೆ ಒಯ್ದು ಕಾಲ ಕಡೆಗೆ ಇಡಬೇಕು. ಕೆಟ್ಟದ್ದು ಹೊಗೆಯಲ್ಲಿದೆ, ಹೊಗೆ ಹೋದರೆ ಕೆಂಡ ಒಳ್ಳೆಯದು. ಹೀಗೆಂದು ನನಗೆ ಅವ್ವ ಕಲಿಸಿದ್ದಳು, ತಮ್ಮನಿಗೆ ನಾನು ಕಲಿಸಿದ್ದೆ. ಅಪ್ಪ ಇಂಥ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಎಷ್ಟೋ ಸುಗ್ಗಿ ಹೊಲದಲ್ಲಿ ಮಲಗಿದ್ದರು. ಆದರೆ ಅಪ್ಪನ ಗುಡಿಸಲು ಜೋಳದ ದಂಟಿನದು. ಮಲಗಿದರೆ ದಂಟಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಅದನ್ನು ನಾನು ಆ ಸಂಜೆ ಯೋಚಿಸಲಿಲ್ಲ.

ತಮ್ಮ ಆತುರದವನು. ಇನ್ನೂ ಸಣ್ಣ ಹೊಗೆಯಾಡುತ್ತಿರುವಾಗಲೇ ಬುಟ್ಟಿಗೆ ಕೈ ಹಾಕಿದ. ನಾನು ತಡೆದೆ.

"ಹೊಗಿ ಸಾಯೂ ತನಕ ಒಯ್ಯಬ್ಯಾಡ."

"ಸತ್ತೈತಿ ಬಿಡ."

"ಇನ್ನ ಐತಿ, ನೋಡಲ್ಲೆ. ತಡಿ."

ಅವನು ಕಾದ. ನಾನು ಹೇಳಿದಷ್ಟು ಹೊತ್ತು, ತಂಗಿಯೂ ನೋಡಿ ಈಗ ಒಯ್ಯಿರಿ ಎನ್ನುವ ತನಕ, ನಿಂತ. ಆಮೇಲೆ ಬುಟ್ಟಿ ಒಳಗಿಟ್ಟು, ಟೊಪ್ಪಿಗೆ ಹಾಕಿಕೊಂಡು, ತಾಡಪತ್ರಿಯ ಬಾಗಿಲ ಕಡೆಯ ಅಂಚನ್ನು ಎತ್ತಿ ಹಿಡಿದು ಮುಖ ಹೊರಗೆ ಹಾಕಿ, "ಈಗ ಪಾಸಾದ್ನೇನ್ರಿ ಅಕ್ಕೋರ?" ಎಂದ. ಒಳಗಿನಿಂದ ಹಗ್ಗ ಬಿಗಿದುಕೋ, ಕೆಳಗೆ ಎರಡು ಕಲ್ಲು ಇಟ್ಟುಕೋ ಎಂದು ಹೇಳಿದೆ. ಇಟ್ಟುಕೊಂಡ. ನಾನು ಹೊರಗಿನಿಂದ ಒಮ್ಮೆ ಸುತ್ತಲೂ ಕೈಯಾಡಿಸಿ ನೋಡಿದೆ. ಎಲ್ಲಿಯೂ ಸಂದಿ ಇರಲಿಲ್ಲ. ಹೊತ್ತು ಮುಳುಗಿ ಇನ್ನೂ ಬೆಳಕಿತ್ತು, ನಾವಿಬ್ಬರೂ ಹೆಂಗಸರು ಊರಿಗೆ ನಡೆದೆವು.

ಬೆಳಿಗ್ಗೆ ತಂಗಿ ರೊಟ್ಟಿ ಬಡಿಯುತ್ತಿದ್ದಳು. ಚಹಾ ತೆಗೆದುಕೊಂಡು ನಾನು ಮುಂದೆ ಹೋದೆ. ಇಬ್ಬನಿ ಬಿದ್ದು ಸೀರೆ ಮೊಣಕಾಲ ತನಕ ತೋಯ್ದಿತ್ತು. ತಾಡಪತ್ರಿಯ ಮೇಲೂ ಇಬ್ಬನಿ ಹನಿಹನಿಯಾಗಿ ನಿಂತಿತ್ತು. ಕರೆದೆ. ಏಳಲಿಲ್ಲ. ನಿದ್ದೆ ಹತ್ತಿದೆ, ಬೆಚ್ಚಗೆ ಮಲಗಿದ್ದಾನೆ ಎಂದುಕೊಂಡೆ, ನಿಜ ಹೇಳುವುದಾದರೆ ಒಂದು ಕ್ಷಣ ನನ್ನ ಕೆಲಸದ ಬಗ್ಗೆ ಸಂತೋಷಪಟ್ಟೆ. ಮತ್ತೆ ಕರೆದೆ. ಆಮೇಲೆ ಪಕ್ಕದ ಕಲ್ಲು ಸರಿಸಿ ತಾಡಪತ್ರಿ ಎತ್ತಿದೆ. ಒಳಗಿನ ಗಾಳಿ ಬೆಚ್ಚಗೆ ಮುಖಕ್ಕೆ ಬಡಿಯಿತು. ಯಾವ ವಾಸನೆಯೂ ಇರಲಿಲ್ಲ. ಅವನು ಎಡಗಡೆ ಹೊರಳಿ ಮಲಗಿದ್ದ. ಟೊಪ್ಪಿಗೆ ಸರಿಯಾಗಿಯೇ ಇತ್ತು. ಕೆನ್ನೆ ಕೆಂಪಗಿತ್ತು, ಆರೋಗ್ಯವಂತರ ಕೆನ್ನೆಯ ಹಾಗೆ. ಮುಟ್ಟಿ ನೋಡಿದೆ, ಬೆಚ್ಚಗಿದ್ದ, ಉಸಿರಿರಲಿಲ್ಲ. ಕೆಂಡದ ಮೇಲೆ ಬೂದಿ ಕಟ್ಟಿತ್ತು, ಕೆದಕಿದರೆ ಇನ್ನೂ ಕೆಂಪಿರುತ್ತಿತ್ತೋ ಏನೋ. ಕೆದಕಲಿಲ್ಲ.

ಅವನನ್ನು ಒಯ್ದ ದವಾಖಾನೆಯ ಪಡಸಾಲೆಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಕರೆದು ಕೇಳಿದರು. ಮನೆಯಲ್ಲಿ ಓದಿದವಳು ನಾನೇ ಎಂದು ಯಾರೋ ತೋರಿಸಿದ್ದರು. ತಂಗಿ ಹೊರಗೆ ಬೇವಿನ ಗಿಡದ ಕೆಳಗೆ ಹೆಂಗಸರ ನಡುವೆ ಇದ್ದಳು.

"ಒಳಗೆ ಬೆಂಕಿ ಇತ್ತಾ?"

"ಬೆಂಕಿ ಇಲ್ರಿ. ಕೆಂಡ ಇತ್ತು. ಹೊಗಿ ಇರಲಿಲ್ಲ."

"ಗಾಳಿ ಆಡೋದಕ್ಕೆ ಜಾಗ?"

"ಇರಲಿಲ್ರಿ."

ಅವರು ಹೇಳಿದರು. ಹೊಗೆ ಹೋದ ಕೆಂಡದಿಂದಲೂ ಒಂದು ವಿಷದ ಗಾಳಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಅದು ತುಂಬಿಕೊಳ್ಳುತ್ತದೆ. ಮಲಗಿದವರಿಗೆ ಗೊತ್ತಾಗುವುದಿಲ್ಲ, ಏಳಬೇಕೆಂದರೂ ಕೈಕಾಲು ಕೇಳುವುದಿಲ್ಲ. ಸಣ್ಣ ಕಿಂಡಿ ಬಿಟ್ಟರೂ ನಂಬುವ ಹಾಗಿಲ್ಲ, ಕೆಂಡ ಹೊರಗೇ ಇರಬೇಕು, ಮೈಗೆ ಬಟ್ಟೆ ಹೊದೆಯಬೇಕು. ಇಷ್ಟನ್ನು ಅವರು ಮೆಲ್ಲಗೆ ಹೇಳಿದರು. ಯಾರು ಮುಚ್ಚಿದ್ದು ಎಂದು ಕೇಳಲಿಲ್ಲ.

ಹೊರಗೆ ಬಂದಾಗ ಹೆಂಗಸರು, "ಥಂಡಿ ಬಡದದ ಪಾಪ, ಮೊದಲ ಎದಿ ಸೂಕ್ಷ್ಮ ಇತ್ತು," ಎನ್ನುತ್ತಿದ್ದರು. ನಾನು ಇಲ್ಲ ಎನ್ನಲಿಲ್ಲ. ಮುಂದೆ ಬಂದ ಕಾಗದಗಳನ್ನೆಲ್ಲ ನಾನೇ ಸಹಿ ಮಾಡಿ ಪಡೆದೆ, ಸಿಂದಗಿಯ ನನ್ನ ಮನೆಯ ಕಪಾಟಿನಲ್ಲಿ ಶಾಲೆಯ ಹಳೆಯ ಹಾಜರಿ ಪುಸ್ತಕಗಳ ಕೆಳಗೆ ಇಟ್ಟೆ. ತಂಗಿಗೆ ಓದು ಬಾರದು. ಏನೈತಿ ಅದರಾಗ ಎಂದು ಒಮ್ಮೆ ಕೇಳಿದಳು. ಸತ್ತದ್ದು ಬರದಾರ ಎಂದೆ.

ಮರುವರ್ಷ ಚಳಿ ಬಿದ್ದ ಮೇಲೆ ಒಂದು ಶನಿವಾರ ಹೋದೆ. ಆ ವರ್ಷವೆಲ್ಲ ಹಗಲಿಗೇ ಬಂದು ತಿರುಗುತ್ತಿದ್ದವಳು ಅವತ್ತು ರಾತ್ರಿ ಉಳಿದೆ. ತಂಗಿ ಕೆಮ್ಮುತ್ತಿದ್ದಳು. ಕೆಮ್ಮು ಎದೆಯ ಆಳದಿಂದ ಬರುತ್ತಿತ್ತು. ಆ ರಾತ್ರಿ ಮಲಗುವಾಗ ನೋಡಿದೆ, ತನ್ನ ಹೆಣ್ಣುಮಕ್ಕಳಿಬ್ಬರಿಗೂ ದಪ್ಪ ರಗ್ಗು ಹೊದಿಸಿ, ಅವಳು ಬಾಗಿಲ ಪಕ್ಕ ಬರೀ ಕಲ್ಲುನೆಲದ ಮೇಲೆ ಸೆರಗು ಹೊದ್ದು ಮಲಗಿದಳು. ನಾನು ನನ್ನ ಶಾಲು ಹಾಕಿದೆ. ಅವಳು ಮಡಚಿ ಪಕ್ಕಕ್ಕಿಟ್ಟಳು. ಹಿರಿಯ ಮಗಳು ಬೆಳಿಗ್ಗೆ ಹೇಳಿದಳು, ಈ ವರ್ಷ ಅವ್ವ ಒಂದು ದಿನವೂ ಹೊದ್ದುಕೊಂಡಿಲ್ಲ, ಔಷಧವನ್ನೂ ಕುಡಿಯುವುದಿಲ್ಲ ಎಂದು.

ಮಕ್ಕಳು ಹೊರಗೆ ಹೋದ ಮೇಲೆ ನಾನು ಕೇಳಿದೆ. ಅವಳು ಒಲೆಯ ಮುಂದೆ ಕುಳಿತಿದ್ದಳು, ನನ್ನ ಕಡೆ ನೋಡಲಿಲ್ಲ.

"ಅವತ್ತ ಸಣ್ಣಾಕಿಗೆ ಜ್ವರ ಇತ್ತು, ಅಕ್ಕಾರ. ರಗ್ಗು ಮನ್ಯಾಗ ಇಟ್ಟುಕೊಂಡೆ. ಅವರಿಗೆ ಹಳೀ ಕಂಬಳಿ ಕೊಟ್ಟು ಕಳಿಸಿದೆ. ರಗ್ಗು ಕೊಟ್ಟಿದ್ರ ಬದುಕತಿದ್ರು. ಊರಾಗ ಎಲ್ಲಾರೂ ಥಂಡಿ ಅಂತಾರ. ನನ್ನ ಮುಂದ ಯಾರೂ ಅನ್ನೂದಿಲ್ಲ, ನನಗ ಗೊತ್ತಾಗತೈತಿ."

ನಾನು ಅಲ್ಲಿಯವರೆಗೆ ಒಂದು ವರ್ಷ ನನ್ನ ತಪ್ಪನ್ನಷ್ಟೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದೆ. ಅದನ್ನು ನಾನು ಹೊರಲೇ ಇಲ್ಲ, ಅವಳ ಮೇಲೆ ಇಟ್ಟು ಹೋಗಿದ್ದೆ. ಈ ಕೆಮ್ಮಿನಲ್ಲಿ ಅವಳು ಇನ್ನೊಂದು ಚಳಿಗಾಲ ಹೀಗೆ ಮಲಗಿದರೆ ಏನಾಗುತ್ತದೆ ಎಂದು ತಿಳಿಯಲು ಡಾಕ್ಟರು ಬೇಕಾಗಿರಲಿಲ್ಲ.

ಹೇಳಿದೆ. ಡಾಕ್ಟರು ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಹೇಳಿದೆ. ತಾಡಪತ್ರಿ ಯಾರು ತಂದದ್ದು, ಯಾರು ಕಟ್ಟಿದ್ದು, ಮಣ್ಣು ಯಾರು ಮೆತ್ತಿದ್ದು, ಅದು ಅವಳಿಗೆ ಗೊತ್ತೇ ಇತ್ತು. ಆದರೂ ಹೇಳಿದೆ. ಕಂಬಳಿಗೂ ಅವನ ಸಾವಿಗೂ ಸಂಬಂಧವಿಲ್ಲ ಎಂದೆ.

ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು, ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆಮೇಲೆ ಕೇಳಿದಳು.

"ಅಂದ್ರ ಅವರಿಗೆ ಥಂಡಿ ಆಗಿರಲಿಲ್ಲೇನ್ರಿ?"

"ಇಲ್ಲ. ಬೆಚ್ಚಗಿದ್ದ."

"ಖರೇನ?"

"ನಾನ ಮುಟ್ಟಿ ನೋಡೀನಿ, ತಂಗಿ. ಒಳಗ ಬೆಚ್ಚಗಿತ್ತು."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ವರ್ಷವೆಲ್ಲ ಅವಳು ಅತ್ತದ್ದನ್ನು ನೋಡಿದ್ದೆ, ಇದು ಬೇರೆಯಾಗಿತ್ತು. ನಾನು ಹತ್ತಿರ ಹೋಗಲು ಎದ್ದೆ. ಅವಳು ಕೈ ಎತ್ತಿ ಬೇಡವೆಂದಳು.

"ಒಂದ್ ವರ್ಷ," ಎಂದಳು. "ನಾ ಇಲ್ಲೆ ಕಲ್ಲಿನ ಮ್ಯಾಲ ಬೀಳಾಕತ್ತೇನಿ. ನೀವು ಎಲ್ಲಾ ತಿಳದವ್ರು. ವಾರಾ ಬಂದು ಉಂಡು ಹೋದ್ರಿ."

ಹೆದರಿದ್ದೆ ಎಂದೆ. ಅದು ಉತ್ತರವಲ್ಲ.

ಅವಳು ಎದ್ದು ಮುಖ ತೊಳೆದುಕೊಂಡಳು. "ಬಾಜೂ ಹೊಲದಾಗ ಕಾಕಾ ಬಣವಿ ಕಾಯಾಕತ್ತಾರ. ಸಂಜಿಗೆ ಅಲ್ಲಿಗೆ ಹೋಗೂಣು. ಅವರ ಮುಂದ ಹೇಳ್ರಿ. ನನ್ನ ಮುಂದ ಹೇಳಿದ್ರ ಸಾಲೂದಿಲ್ಲ."

ಸಂಜೆ ಹೋದೆವು. ಪಕ್ಕದ ಹೊಲದವರು ಅರವತ್ತು ದಾಟಿದ ಮನುಷ್ಯ, ನಮ್ಮ ಸಂಬಂಧವೇನಲ್ಲ, ಆದರೂ ಊರಿಗೆಲ್ಲ ಕಾಕಾ. ತಾಡಪತ್ರಿ ನೆಲದವರೆಗೆ ಇಳಿಬಿಟ್ಟಿದ್ದರು. ಹೊರಗೆ ಬುಟ್ಟಿಯಲ್ಲಿ ಕೆಂಡ ಸಿದ್ಧವಾಗಿತ್ತು. ನಾನು ನಿಂತಲ್ಲೇ ಹೇಳಿದೆ. ನನ್ನ ತಮ್ಮ ಹೇಗೆ ಸತ್ತ, ನಾನು ಏನು ಮಾಡಿದೆ, ಎರಡನ್ನೂ. ಏನನ್ನೂ ಬಿಡಲಿಲ್ಲ.

ಅವರು ಸಮಾಧಾನದಿಂದ ಕೇಳಿದರು. ಆಮೇಲೆ ಬುಟ್ಟಿಯ ಕಡೆ ಬೆರಳು ಮಾಡಿದರು. "ಹೊಗಿ ಇಲ್ಲಲ್ರಿ ಅಕ್ಕೋರ. ನೋಡ್ರಿ, ಎಷ್ಟ ಚೊಕ್ಕ ಐತಿ. ನಾವು ಹುಟ್ಟಿದಾಗಿಂದ ಹಿಂಗ ಮಲಗೇವಿ. ದುಃಖದಾಗ ಮನಸಿಗೆ ಏನೇನೋ ಹೊಳೀತಾವ."

ನಾನು ಮತ್ತೆ ಶುರು ಮಾಡಿದೆ. ವಾಸನೆಯಿಲ್ಲದ ಗಾಳಿಯ ಮಾತು ಅವರಿಗೆ ಶಾಲೆಯ ಪುಸ್ತಕದ ಮಾತಾಗಿ ಕೇಳುತ್ತಿತ್ತು. ತಲೆಯಾಡಿಸುತ್ತಿದ್ದರು, ನಂಬುತ್ತಿರಲಿಲ್ಲ. ಆಗ ತಂಗಿ ನನ್ನ ಹಿಂದಿನಿಂದ ಬಂದು ಬುಟ್ಟಿಯ ಪಕ್ಕ ಕುಳಿತಳು.

"ಕಾಕಾ, ಅವರ ಬುಟ್ಟಿನೂ ಹಿಂಗ ಚೊಕ್ಕ ಇತ್ತು. ನಾನೂ ಅಲ್ಲೆ ನಿಂತಿದ್ದೆ. ಹೊಗಿ ಸಾಯೂ ತನಕ ಮೂರೂ ಮಂದಿ ಕಾದೇವಿ. ನಾ ನೋಡಿ, ಈಗ ಒಯ್ರಿ ಅಂದೆ."

ಅವರು ಅವಳ ಮುಖ ನೋಡಿದರು. ನಾನು ಹೇಳಿದ್ದಕ್ಕೆಲ್ಲ ಬದಲಾಗದಿದ್ದ ಮುಖ ಅದಕ್ಕೆ ಬದಲಾಯಿತು. ಎದ್ದು ಬುಟ್ಟಿಯನ್ನು ಹೊಲದ ಬಯಲಿಗೆ ಒಯ್ದು ನೆಲದ ಮೇಲೆ ಸುರಿದು, ಮೇಲೆ ಮಣ್ಣೆಳೆದರು. ತಾಡಪತ್ರಿಯ ಒಂದು ಬದಿಯನ್ನು ಎತ್ತಿ ಗಳಕ್ಕೆ ಕಟ್ಟಿದರು. "ಮತ್ತ ಥಂಡಿಗೆ ಏನು ಮಾಡಲೆವಾ?" ಎಂದು ಅವಳನ್ನೇ ಕೇಳಿದರು.

"ಮನಿಯಿಂದ ಇನ್ನೊಂದು ಕೌದಿ ತರಸ್ರಿ," ಎಂದಳು. "ಕಾಲಿಗೆ ಚೀಲ ಹಾಕ್ರಿ. ತಿಳೀತೇನು?"

"ತಿಳೀತವಾ."

ತಿರುಗಿ ಬರುವಾಗ ಅವಳು ಮುಂದೆ ನಡೆದಳು. ಚಳಿ ಏರುತ್ತಿತ್ತು, ಅವಳು ಕೆಮ್ಮುತ್ತ ಸೆರಗನ್ನು ತಲೆಯ ಮೇಲೆಳೆದು ಕಿವಿಯ ಸುತ್ತ ಬಿಗಿದುಕೊಂಡಳು. ನಮ್ಮ ಹೊಲಕ್ಕೂ ದಾರಿಗೂ ನಡುವೆ ಒಂದು ಎತ್ತರದ ಒಡ್ಡು ಇದೆ. ನನ್ನ ಮೊಣಕಾಲು ನೋವಿನ ಕಾರಣದಿಂದ ಇಷ್ಟು ವರ್ಷ ಅವಳು ಅಲ್ಲಿ ಮೊದಲು ಇಳಿದು, ತಿರುಗಿ ನಿಂತು, ಕೈ ಕೊಡುತ್ತಿದ್ದಳು. ಅವತ್ತು ಇಳಿದು ಹೋದಳು, ನಿಲ್ಲಲಿಲ್ಲ. ನಾನು ಒಡ್ಡಿನ ಮೇಲೆ ಕುಳಿತು, ಎರಡೂ ಕೈ ಮಣ್ಣಿಗೆ ಊರಿ, ಒಬ್ಬಳೇ ಇಳಿದೆ.